ಮನೆಗೆ ಇಟ್ಟ ಮೀನು

ದುರ್ಗಿ ಇವತ್ತೂ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದಳು. ತಲೆಯ ಮೇಲೆ ಮೀನಿನ ಬುಟ್ಟಿ. ಬಾಯಲ್ಲಿ ಮಾತ್ರ ಮೀನಿನ ಕೂಗಿಲ್ಲ. ಅವಳ ಕಣ್ಣು ಒಂದೊಂದೇ ಮಗುವಿನ ಮುಖವನ್ನು ಹಾದು ಕೊನೆಯ ಸಾಲಿನವರೆಗೆ ಹೋಗಿ, ಮತ್ತೆ ಮೊದಲಿನಿಂದ ಬಂತು.

ಹೆಡ್‌ಮಾಸ್ತರ ರಾಮನಾಥರು ಮಗ್ಗಿ ನಿಲ್ಲಿಸಿ ಜಗಲಿಗೆ ಬಂದರು. ಜಗಲಿ ತುಂಬ ಸವೆದ ಹವಾಯಿ ಚಪ್ಪಲಿಗಳು.

"ಇಲ್ಲಿ ಮೀನು ಯಾರು ತಕಳ್ತಾರೆ ದುರ್ಗಿ?"

"ಮಾರೂಕೆ ಬಂದದ್ದಲ್ಲ ಮಾಸ್ತರೆ. ಶಾಲೆ ನೋಡ್ತೆ."

"ಶಾಲೆ ಎಂತ, ಬಂಗಡೆಯಾ, ಕಿವಿರು ಎತ್ತಿ ನೋಡೂಕೆ?"

"ನಿಮ್ಮಷ್ಟು ಚೆಂದ ನೋಡೂಕೆ ನಂಗೆಲ್ಲಿ ಬರ್ತದೆ!" ಎಂದು ನಕ್ಕು ಹೋದಳು.

ಅದು ನಿಜವೇ. ಮೀನು ಕೊಳ್ಳುವುದರಲ್ಲಿ ಮಾಸ್ತರರನ್ನು ಮೀರಿಸಿದವರಿಲ್ಲ. ಬುಟ್ಟಿಯತ್ತ ಅವರು ನೋಡುವುದೇ ಇಲ್ಲ. "ನಿನ್ನ ಮನೆ ಸಾರಿಗೆ ಯಾವುದು ಇಟ್ಕಂಡಿದೆ? ಅದನ್ನೇ ಕೊಡು" ಎನ್ನುವುದು ಅವರ ಪದ್ಧತಿ. ದುರ್ಗಿ ಬೈದುಕೊಳ್ಳುತ್ತಲೇ ಸೆರಗಿನಡಿಯ ಪೊಟ್ಟಣ ಬಿಚ್ಚುತ್ತಿದ್ದಳು.

ಮಧ್ಯಾಹ್ನ ಬಿಸಿಯೂಟ ಬಡಿಸುವ ಮಾದೇವಿ ಪಿಸುಗುಟ್ಟಿದಳು: "ದುರ್ಗಿ ನಿನ್ನೆ ಅಂಕೋಲೆ ಪೇಟೆ ಇಂಗ್ಲಿಷ್ ಶಾಲೆ ಗೇಟಲ್ಲೂ ಹೀಂಗೇ ನಿಂತ್ಕಂಡಿತ್ತು ಮಾಸ್ತರೆ. ಎಂತದೋ ಅದೆ."

ರಾಮನಾಥರು ಊಟದ ತಟ್ಟೆ ಬದಿಗಿಟ್ಟರು. ಜೂನ್‌ನಲ್ಲಿ ಒಂದನೇ ತರಗತಿ ತುಂಬದಿದ್ದರೆ ಶಾಲೆಗೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು. ದುರ್ಗಿಯ ಮೊಮ್ಮಗಳು ಚಂದನಾ ಈ ವರ್ಷ ಸೇರಬೇಕಾದವಳು. ದುರ್ಗಿ ಎತ್ತ ನಡೆದರೆ ಕಡಲಂಚಿನ ಮನೆಗಳೆಲ್ಲ ಅತ್ತಲೇ. ಇಂಗ್ಲಿಷ್ ಶಾಲೆಯವರು ಇವಳ ಕೈಗೆ ಏನಾದರೂ ಇಟ್ಟರೇ? ಮಕ್ಕಳ ಮುಖ ನೋಡಿಹೋಗಿ ಯಾರಿಗೆ ವರದಿ ಒಪ್ಪಿಸುತ್ತಾಳೆ?

ಮರುದಿನ ಬೆಳಿಗ್ಗೆ ಮಗ ಸುಜಯನ ಬೂಟಿಗೆ ಪಾಲಿಶ್ ಹಚ್ಚುತ್ತಿರುವಾಗಲೂ ಅವರಿಗೆ ಅದೇ ಚಿಂತೆ. ಅವತ್ತು ದುರ್ಗಿ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಅದು ಇನ್ನೂ ಕೆಟ್ಟ ಲಕ್ಷಣವೆನಿಸಿತು.

ಸೋಮವಾರ ಅವಳು ಪ್ರಸಾದ ಕೇಳಲು ದೇವಸ್ಥಾನಕ್ಕೆ ಹೊರಟಳೆಂದು ಸುದ್ದಿ ಬಂತು. ರಾಮನಾಥರು ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತರು. ಪೂಜೆಯ ಬೊಮ್ಮಯ್ಯ ಗುನಗ ಒದ್ದೆ ಹೂವಿನೆಸಳುಗಳನ್ನು ದೇವಿಯ ಎರಡು ಭುಜಕ್ಕೂ ಅಂಟಿಸಿದ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ದುರ್ಗಿ ಮನಸ್ಸಿನಲ್ಲೇ ಕೇಳಿಕೊಂಡು ಕಣ್ಣು ಮುಚ್ಚಿದಳು. ದೀಪದ ಕುಡಿ ಅಲುಗಲಿಲ್ಲ. ಹೊರಗೆ ಕಡಲು ಮಾತ್ರ ಉಸಿರಾಡುತ್ತಿತ್ತು. ತಾಯೇ, ನನ್ನ ಶಾಲೆ ಉಳಿಸು ಎಂದು ರಾಮನಾಥರೂ ಕೈಮುಗಿದರು. ಅವರ ಬೇಡಿಕೆಯಲ್ಲಿ ಕಪಟವಿರಲಿಲ್ಲ.

ಎಸಳು ಜಾರಿತು. ಬಲಕ್ಕೆ.

ದುರ್ಗಿಯ ಮುಖ ಅರಳಿತು. ತಡೆಯಲಾರದೆ ಮಾಸ್ತರರು ಮುಂದೆ ಬಂದರು.

"ಎಂತ ಕೇಳ್ದೆ ದುರ್ಗಿ? ಯಾವ ಶಾಲೆ?"

"ಓ, ಮಾಸ್ತರೆ! ನಿಮ್ಮಿಂದ ಕಲ್ತದ್ದೇ," ದುರ್ಗಿ ಭಕ್ತಿಯಿಂದ ಎಸಳನ್ನು ಕಣ್ಣಿಗೊತ್ತಿಕೊಂಡಳು. "ನಿಮ್ಮ ಸುಜಯನ್ನ ನಿಮ್ಮ ಶಾಲೇಲಿ ಹುಡುಕಿ ಹುಡುಕಿ ಸಾಕಾಯ್ತು, ಕಡೆಗೆ ಪೇಟೆ ಶಾಲೆ ಗೇಟಲ್ಲಿ ಕಂಡ, ಮಾಸ್ತರು ತಮ್ಮ ಮನೆಗೆ ಇಟ್ಕಂಡದ್ದನ್ನೇ ನಾನೂ ತಕಳ್ಲಾ ತಾಯಿ, ಅಂತ ಕೇಳ್ದೆ."