ಪಾಳಿ ಬದಲಾಗುವ ಹೊತ್ತು

ಸಂಜೆ ಪಾಳಿ ಬದಲಾಗುವುದರೊಳಗೆ ಮಾತು ಮುಗಿಸಿ ಎದ್ದುಬಿಡಬೇಕೆಂದುಕೊಂಡೇ ಯಮನೂರಿ ಶಂಕ್ರವ್ವನ ಮನೆಗೆ ಬಾಡಿಗೆ ಕೋಣೆ ಕೇಳಲು ಬಂದಿದ್ದ. ಊರಿಗೆಲ್ಲ ಕರೆಂಟು ಬರುವುದು ಜೈಲಿನಿಂದ. ಕೈದಿಗಳು ಪೆಡಲ್ ತುಳಿದರೆ ದೀಪ. ಪಾಳಿ ಬದಲಾಗುವಾಗ ಒಂದು ಗಳಿಗೆ ಮಂಕು. ಆ ಮಂಕು ಕಂಡರೆ ಸಾಕು, ಬಿಡುಗಡೆಯಾದವರ ಕಾಲುಗಳು ತಾವಾಗಿಯೇ ತುಳಿಯತೊಡಗುತ್ತವೆ. ಹಾಗೆ ಸಿಕ್ಕಿಬಿದ್ದೇ ಅವನಿಗೆ ಎಷ್ಟೋ ಮನೆ ಕೈತಪ್ಪಿದ್ದವು. ಇವತ್ತು ವಿಳಾಸ ತೋರಿಸದಿದ್ದರೆ ಪೊಲೀಸರು ವಾಪಸ್ ಜೈಲಿಗೆ ಒಯ್ಯುತ್ತಾರೆ.

"ಅಡ್ವಾನ್ಸಿಗೆ ಇದನ್ನ ಇಟ್ಕೋರಿ ಅಕ್ಕಾರ," ಎಂದು ಜೈಲಿನಲ್ಲಿ ಕೂಲಿಯಾಗಿ ಸಿಕ್ಕಿದ್ದ ಬ್ಯಾಟರಿಯನ್ನು ಮುಂದೆ ಸರಿಸಿದ.

"ಇಷ್ಟು ದೊಡ್ಡದು ಎಲ್ಲಿ ಸಿಕ್ತು?"

"ಮಾವ ಕೊಟ್ಟಿದ್ದು."

"ಛಲೋ ಮಾವ ಬಿಡಪಾ. ನಮ್ಮ ಮಾವ ಒಂದು ಟಾರ್ಚ್ ಸೈತ ಕೊಡ್ಲಿಲ್ಲ. ಕುಂದ್ರು, ಚಾ ಕುಡದು ಹೋಗು."

"ಬ್ಯಾಡ್ರಿ, ಹೊತ್ತಾತು."

"ಚಾ ಬ್ಯಾಡ ಅನ್ನಾವ್ರಿಗೆ ನಾ ಕೋಣಿ ಕೊಡಂಗಿಲ್ಲ."

ಅವನು ಕೂತ. ಬಾಯಿ ಸುಟ್ಟುಕೊಂಡು ಗಟಗಟ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಬಲ್ಬು ಮಂಕಾಯಿತು. ತೊಡೆಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಆದರೂ ಕುರ್ಚಿ ಕಿರುಗುಟ್ಟತೊಡಗಿತು.

ಶಂಕ್ರವ್ವ ಅವನ ಕಾಲುಗಳನ್ನೇ ನೋಡಿದಳು. ಇನ್ನು ಹೊರಗೆ ಹೋಗೆನ್ನುತ್ತಾಳೆಂದು ಅವನು ಬ್ಯಾಟರಿಗೆ ಕೈ ಹಾಕಿದ. ಅವಳು ಎದ್ದು ಹೋಗಿ ಹಿತ್ತಲ ಕೋಣೆಯ ಬಾಗಿಲು ತೆರೆದಳು. ಒಳಗೆ ಒಂದು ಮಂಚವಿತ್ತು. ಅದರ ಪಕ್ಕದಲ್ಲಿ ಹೊಸದೊಂದು ಪೆಡಲ್ ಯಂತ್ರ.

"ಬಾಡಿಗಿ ಬ್ಯಾಡ ತಮ್ಮಾ," ಎಂದಳು ಮೆತ್ತಗೆ. "ಜೈಲಿನ ಕರೆಂಟ್ ಬಿಲ್ಲು ಕಟ್ಟಿ ಸಾಕಾಗೇತಿ. ನಮ್ಮ ಮನಿಗಷ್ಟು ನೀ ತುಳದ್ರ ಸಾಕು. ಊಟ ನಂದು."

ಬೇಡವೆನ್ನಲು ಯಮನೂರಿ ಬಾಯಿ ತೆರೆದ. ಕಾಲುಗಳು ಇನ್ನೂ ನಿಂತಿರಲಿಲ್ಲ.