ಕೊಂಡಿ ಹಾಕದ ವ್ಯಾಗನ್‌ಗಳು

ರಟ್ಟಿಗೆ ಹಚ್ಚುವ ಅಂಟಿನ ವಾಸನೆ ಬಂದರೆ ಈಗಲೂ ಕೊಡ್ಲಿಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ದೂರದ ರೈಲ್ವೆ ಯಾರ್ಡೊಂದರಲ್ಲಿ ಗೂಡ್ಸ್ ವ್ಯಾಗನ್‌ಗಳಿಗೆ ಕೊಂಡಿ ಹಾಕುವಾಗ ಚಿಕ್ಕಪ್ಪ ನಡುವೆ ಸಿಕ್ಕಿ ತೀರಿಕೊಂಡಿದ್ದರು. ಆಮೇಲೆ, ರೈಲೇ ಬಾರದ ನಮ್ಮೂರಲ್ಲಿ ಕೂತು ಅಪ್ಪ ಹಳೆಯ ವ್ಯಾಗನ್‌ಗಳ ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಭೂತಗನ್ನಡಿ ಹಿಡಿದು ನೋಡಿ, ರಟ್ಟಿನಲ್ಲಿ ಅವನ್ನೇ ಮಾಡುತ್ತಿದ್ದರು. ಒಂದು ಮೊಳೆಯೂ ತಪ್ಪುತ್ತಿರಲಿಲ್ಲ. ಆದರೆ ಒಂದಕ್ಕೊಂದು ಸೇರಿಸುತ್ತಿರಲಿಲ್ಲ.

ಆ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾಗ ನಾನು ಎರಡು ವ್ಯಾಗನ್‌ಗಳ ತಂತಿಕೊಂಡಿ ಸಿಕ್ಕಿಸಿ, "ರೈಲಾಯ್ತು ನೋಡಪ್ಪಾ!" ಎಂದು ಕೂಗಿದೆ.

ಅಜ್ಜಿ ಬಾಗಿಲಿಂದಲೇ ಚೀರಿದರು. "ಬಿಡ್ಸು, ಮೊದ್ಲು ಬಿಡ್ಸು ಅದ್ನ!"

ಅಪ್ಪ ಬೈಯಲಿಲ್ಲ. ಎಂಜಲು ಕೈಯಲ್ಲೇ ಕೊಂಡಿ ಬಿಡಿಸಿ, ವ್ಯಾಗನ್‌ಗಳ ನಡುವೆ ಕಿರುಬೆರಳನ್ನು ನೆಟ್ಟಗೆ ನಿಲ್ಲಿಸಿ ಅಜ್ಜಿಯತ್ತ ನೋಡಿದರು.

"ಇಷ್ಟೇ ಜಾಗ ಸಾಕಿತ್ತು ಕಣವ್ವ, ಅವನಿಗೆ."

ಅನ್ನದ ಅಗಳು ಕೈಯಲ್ಲೇ ಒಣಗಿತು. ಅಪ್ಪ ಬೆರಳು ತೆಗೆಯಲಿಲ್ಲ.