ವೈಪರ್ ನಿಂತ ಮಧ್ಯಾಹ್ನ

ತಂಬಾಕಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಆ ಮಳೆಯ ಮಧ್ಯಾಹ್ನವೇ ನೆನಪಾಗುತ್ತದೆ. ಜ್ವರದಿಂದ ನರಳುತ್ತಿದ್ದ ನನ್ನನ್ನು ಅಪ್ಪ, ಅವ್ವ ಹಳೇ ಪಿಕಪ್ಪಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಒಯ್ಯುತ್ತಿದ್ದರು. ಕೆರೂರ ದಾಟುತ್ತಲೇ ವೈಪರ್ ನಿಂತುಬಿಟ್ಟಿತು. ಅಪ್ಪ ಫ್ಯೂಸ್ ತೆಗೆದು ನೋಡಿದ, ಸರಿಯಾಗಿಯೇ ಇತ್ತು. ಮೋಟರ್ ಗುಂಯ್‌ಗುಡುತ್ತಿತ್ತು, ಬ್ಲೇಡ್ ಮಾತ್ರ ಅಲುಗಲಿಲ್ಲ.

“ಒಳಗಿನ ರಾಡ್ ಕಳಚೇತಿ, ಗ್ಯಾರೇಜಿಗೇ ಹೋಗ್ಬೇಕು. ಸದ್ಯಕ್ಕ ಗ್ಲಾಸಿಗೆ ತಂಬಾಕ ತಿಕ್ಕಿದ್ರ ನೀರ ಜಾರಿ ಹೋಗ್ತೈತಿ. ಆದ್ರ ತಂಬಾಕ ಎಲ್ಲಿಂದ ತರೂದು?” ಎಂದು ಗೊಣಗಿದ.

ತುಳಸಿಗೇರಿ ಹನುಮಪ್ಪನ ಮುಂದೆ ಆಣೆ ಮಾಡಿ ಅಪ್ಪ ತಂಬಾಕು ಬಿಟ್ಟು ಆಗಲೇ ವರ್ಷವಾಗಿತ್ತು.

ಅವ್ವ ನನ್ನ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಮಗುಚಿ ಹಾಕಿದಳು. ಅವನ ಕಡೆ ನೋಡಲಿಲ್ಲ.

“ನಿಮ್ಮ ಸೀಟಿನ ಕೆಳಗ, ಪಾನಾ, ಸ್ಕ್ರೂಡ್ರೈವರ್ ಇಡೂ ಡಬ್ಬಿಯೊಳಗ ಐತಿ. ಲಗೂನ ತಿಕ್ಕ್ರಿ.”